ಜೆಫರ್ಸನ್ ಮನೆಯ ಕುರಾನ್

ಇವತ್ತು ಸಂಜೆ ಮಗಳು ಹೋಮ್‌ವರ್ಕ್ ಮಾಡ್ತಾ ಕೇಳಿದಳು, "ಅಪ್ಪಾ, ಥಾಮಸ್ ಜೆಫರ್ಸನ್ ಹತ್ರ ಕುರಾನ್ ಇತ್ತಂತೆ, ಹೌದಾ?"

ಇತ್ತು. ಜೆಫರ್ಸನ್ ಅಂದರೆ ಅಮೆರಿಕದ ಮೂರನೇ ಅಧ್ಯಕ್ಷ. ಅವರ ಹತ್ರ ಇದ್ದದ್ದು ಲಂಡನ್‌ನಲ್ಲಿ 1764ರಲ್ಲಿ ಅಚ್ಚಾದ ಇಂಗ್ಲಿಷ್ ಅನುವಾದ, ಎರಡು ಸಂಪುಟ. ಮರುವರ್ಷ ಕೊಂಡಾಗ ಅವರಿನ್ನೂ ಕಾನೂನು ಓದುತ್ತಿದ್ದ ಹುಡುಗ.

ಅವಳಿಗೆ ಫೋನಿನಲ್ಲಿ ಒಂದು ಫೋಟೋ ತೋರಿಸಿದೆ. 2007ರ ಜನವರಿ. ಅಮೆರಿಕದ ಸಂಸತ್ತಿಗೆ ಆರಿಸಿ ಬಂದ ಮೊದಲ ಮುಸ್ಲಿಂ ಕೀತ್ ಎಲಿಸನ್ ಅದೇ ಪುಸ್ತಕದ ಮೇಲೆ ಕೈಯಿಟ್ಟು ಪ್ರಮಾಣ ಮಾಡ್ತಿದ್ದಾರೆ. ಆ ಕೈಯನ್ನೇ ತುಂಬಾ ಹೊತ್ತು ನೋಡಿದೆ. ಅದಕ್ಕೆ ಮುಂಚೆ ವರ್ಜೀನಿಯಾದ ರಿಪಬ್ಲಿಕನ್ ಸಂಸದ ವರ್ಜಿಲ್ ಗೂಡ್, ವಲಸೆ ತಡೆಯದಿದ್ದರೆ ಇಂಥ ಮುಸ್ಲಿಮರು ಇನ್ನೂ ಜಾಸ್ತಿ ಬರ್ತಾರೆ ಅಂತ ಮತದಾರರಿಗೆ ಪತ್ರ ಬರೆದಿದ್ದರು. ಎಲಿಸನ್ ಹುಟ್ಟಿದ್ದು ಅಮೆರಿಕದ್ದೇ ಊರಾದ ಡೆಟ್ರಾಯಿಟ್‌ನಲ್ಲಿ! ಜೆಫರ್ಸನ್ ಮನೆ ಇರೋದು ಆಗ ಗೂಡ್ ಅವರದ್ದೇ ಆಗಿದ್ದ ಕ್ಷೇತ್ರದಲ್ಲಿ.

ನನಗೆ ಬೇಜಾರಾಗೋದು ಇನ್ನೊಂದಕ್ಕೆ. 2001ರಲ್ಲಿ ನ್ಯೂಯಾರ್ಕಿನ ಅವಳಿ ಗೋಪುರ ಬಿದ್ದ ಆರನೇ ದಿನಕ್ಕೇ ವಾಷಿಂಗ್ಟನ್ನಿನ ಮಸೀದಿಗೆ ಹೋಗಿ, ಭಯೋತ್ಪಾದನೆ ಇಸ್ಲಾಮಿನ ನಿಜವಾದ ಮುಖವಲ್ಲ ಅಂತ ಹೇಳಿದ್ದು ಆಗಿನ ಅಧ್ಯಕ್ಷ ಜಾರ್ಜ್ ಬುಷ್, ಅವರೂ ರಿಪಬ್ಲಿಕನ್ನರೇ. 2008ರಲ್ಲಿ ಒಬಾಮಾ ಅರಬ್ ಅಂತ ಸಭೆಯಲ್ಲಿ ಒಬ್ಬ ಹೆಂಗಸು ಹೇಳಿದಾಗ ಮೈಕ್ ಇಸ್ಕೊಂಡು, ಇಲ್ಲಮ್ಮ, ಅವರು ಸಭ್ಯ ಮನುಷ್ಯ ಅಂದದ್ದು ಅಧ್ಯಕ್ಷ ಚುನಾವಣೆಯ ಎದುರಾಳಿ, ರಿಪಬ್ಲಿಕನ್ ಮೆಕೇನ್. (ಅರಬ್ ಆಗಿದ್ದರೂ ಸಭ್ಯರಾಗಿರಬಹುದಲ್ವಾ ಅಂತ ನನಗೆ ಆಗಲೂ ಅನಿಸಿತ್ತು.) ಅದೇ ಪಕ್ಷದ ಟ್ರಂಪ್ 2015ರ ಡಿಸೆಂಬರ್‌ನಲ್ಲಿ ಮುಸ್ಲಿಮರು ದೇಶದೊಳಗೆ ಬರೋದನ್ನೇ ಪೂರ್ತಿ ನಿಲ್ಲಿಸಿ ಅಂದರು.

ಇಷ್ಟು ಬೇಗ ಹೇಗೆ ಬದಲಾಯಿತು?

ಮಗಳು ಪುಸ್ತಕದ ಒಂದು ಪುಟ ಹುಡುಕಿ, ದೊಡ್ಡದು ಮಾಡಿ ನೋಡ್ತಿದ್ದಳು. ಕೆಳಗೆ ಜೆಫರ್ಸನ್ ಕೈಬರಹದ ಪುಟ್ಟ ಇನಿಷಿಯಲ್.