ಯುಗಾದಿ ಕಾರ್ಡ್: ಚಿತ್ರ ಮುಗಿಯಿತು, ಮಾತು ಬಾಕಿ

ಬೇವಿನ ಎಲೆಯ ಅಚ್ಚು ಸಿದ್ಧವಾಗಿದೆ. ಲಿನೋ ಹಾಳೆ ಕೊರೆದು, ರೋಲರ್‌ನಲ್ಲಿ ಹಸಿರು ಶಾಯಿ ಹಚ್ಚಿ ಒತ್ತಿದರೆ ಎಲೆಯ ನರಗಳೂ ಚೆನ್ನಾಗಿ ಮೂಡುತ್ತಿವೆ. ಕೆಳಗೆ ಏನು ಬರೆಯಬೇಕು ಅನ್ನೋದೇ ಇನ್ನೂ ಬಗೆಹರಿದಿರಲಿಲ್ಲ. 2026ರ ಯುಗಾದಿ ಮಾರ್ಚ್ 19ಕ್ಕೆ. ಅಂಚೆಗೆ ಹಾಕೋದಕ್ಕೆ ಜಾಸ್ತಿ ದಿನ ಇಲ್ಲ.

ಸಂವತ್ಸರದ ಹೆಸರು ಹಾಕಿ ಶುಭಾಶಯ ಅಂದುಬಿಟ್ಟರೆ ಸುಲಭ. ಆದರೆ ಈ ಸಲ ವಿಶ್ವಾವಸು ಹೋಗಿ ಬರುತ್ತಿರುವುದು ಪರಾಭವ! ಸೋಲಿನ ಶುಭಾಶಯ ಯಾರಿಗೆ ಕಳಿಸೋದು? 2024ರಲ್ಲಿ ಕ್ರೋಧಿ ಬಂದಾಗಲೂ ಇದೇ ಪೇಚಾಟ. ಹೆಸರೇ ಬೇಡ ಅಂದರು ಅಮ್ಮ. ಅಪ್ಪ ಒಪ್ಪಲಿಲ್ಲ. "ವರ್ಷವಿಡೀ ಸಂಕಲ್ಪದಲ್ಲಿ ಅದೇ ಹೆಸರು ಹೇಳ್ತೀವಲ್ಲ, ಕಾರ್ಡಿಗೆ ಮಾತ್ರ ಏನು ಮೈಲಿಗೆ?"

ಅಚ್ಚಿನಲ್ಲಿ ಹೆಸರು ಬಿಟ್ಟೆ. ಚಿಕ್ಕಪ್ಪನ ಕಾರ್ಡಿಗೆ ಮಾತ್ರ ಕೈಯಲ್ಲೇ ಬರೆಯುತ್ತೇನೆ. ಅರವತ್ತು ಸಂವತ್ಸರಗಳ ಸುತ್ತಿನಲ್ಲಿ ಹಿಂದಿನ ಪರಾಭವ ಬಂದದ್ದು 1966ರಲ್ಲಿ. ಅವರು ಹುಟ್ಟಿದ್ದೂ ಆಗಲೇ. ಷಷ್ಟ್ಯಬ್ದಿಗೆ ಛತ್ರ ಹುಡುಕುತ್ತಿದ್ದಾರೆ. "ನಿಮ್ಮ ಪರಾಭವ ವಾಪಸ್ ಬಂತು ಚಿಕ್ಕಪ್ಪ" ಅಂದರೆ ಅವರಿಗಿಂತ ಖುಷಿಪಡೋರು ಯಾರೂ ಇರಲಿಕ್ಕಿಲ್ಲ.

'ಶತಾಯುರ್ವಜ್ರದೇಹಾಯ' ಶ್ಲೋಕವನ್ನೂ ಯೋಚಿಸಿದೆ. ಬೇವು-ಬೆಲ್ಲ ತಿನ್ನುವಾಗ ಹೇಳೋದು ಅದನ್ನೇ ಅಲ್ವಾ. ಆದರೆ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕೊರೆಯಬೇಕು. ಅಷ್ಟು ಅರ್ಕಾವತ್ತು, ಒತ್ತಕ್ಷರ ಕೊರೆಯುವಷ್ಟರಲ್ಲಿ ಯುಗಾದಿ ಮುಗಿದು ಹೊಸತೊಡಕೂ ಕಳೆದಿರುತ್ತದೆ. 'ಹಾರ್ದಿಕ ಶುಭಾಶಯಗಳು' ಫ್ಲೆಕ್ಸ್ ಬ್ಯಾನರ್‌ಗೇ ಇರಲಿ.

'ಬೇವು-ಬೆಲ್ಲ ತಿಂದು' ಅಂತ ಶುರುವಾಗುವ ಸಾಲೊಂದು ಇಷ್ಟವಾಗಿತ್ತು. ಫೋನಿನಲ್ಲಿ ಓದಿ ಹೇಳಿದರೆ ಹುಬ್ಬಳ್ಳಿಯ ಅತ್ತೆ, "ನಮ್ಮ ಕಡೆ ಬೇವು ಕುಡೀತೇವಿ, ತಿನ್ನೂದಿಲ್ಲ" ಅಂದರು. ನಿಜ, ಅಲ್ಲಿ ಅದು ಪಾನಕದಂತೆ ಲೋಟದಲ್ಲಿ ಬರುತ್ತದೆ. ತಿನ್ನೋದೂ ಬೇಡ, ಕುಡಿಯೋದೂ ಬೇಡ ಅಂತ ಕೊನೆಗೆ ನಿಂತ ಸಾಲು ಇದು: 'ಬೇವು ಇರಲಿ, ಬೆಲ್ಲ ತುಸು ಜಾಸ್ತಿ ಇರಲಿ.' ಒತ್ತಕ್ಷರ ಎರಡೇ. ನಿನ್ನೆ ರಾತ್ರಿ ಕೊರೆದು ಮುಗಿಸಿದೆ.

ಒಂದು ಮನೆಗೆ ಈ ಸಾಲೂ ಬೇಡ. ಅಲ್ಲಿ ಅಜ್ಜಿ ತೀರಿಕೊಂಡು ವರ್ಷ ತುಂಬಿಲ್ಲ, ಹಬ್ಬ ಮಾಡುವುದಿಲ್ಲ. ಬರೀ ಎಲೆ ಒತ್ತಿದ ಕಾರ್ಡಿನಲ್ಲಿ 'ಮೇ ರಜೆಗೆ ಬರುತ್ತೇವೆ' ಅಂತಷ್ಟೇ ಬರೆದಿದ್ದೇನೆ.

ಉಳಿದಿರುವುದು ಮಂಗಳೂರಿನ ಗೆಳತಿಯ ಕಾರ್ಡ್. ತುಳುವರಿಗೆ ಹೊಸ ವರ್ಷ ಏಪ್ರಿಲ್ ನಡುವಿನ ಬಿಸು. ಹಾಗಾಗಿ ಅವಳಿಗೆ ಬೇವಿನ ಎಲೆ ಹೊಂದೋದಿಲ್ಲ. ಬಿಸುವಿನ ಬೆಳಿಗ್ಗೆ ಎದ್ದ ಕೂಡಲೇ ನೋಡುವ ಕಣಿಗೆ ಇಡುವ ತೆಂಗಿನಕಾಯಿ, ಸೌತೆಕಾಯಿಯ ಅಚ್ಚು ಬೇರೆ ಕೊರೆಯಬೇಕು, ಹಳದಿ ಶಾಯಿಯೂ ತರಬೇಕು. ಸಾಲನ್ನು ಅವಳ ಅಮ್ಮನನ್ನೇ ಕೇಳಿ ತುಳುವಿನಲ್ಲಿ ಬರೆಸಿಕೊಳ್ಳುತ್ತೇನೆ.