ಕೋಡ್ ಮುಟ್ಟಿಲ್ಲ, ಬರೀ ಕಾನ್ಫಿಗರೇಷನ್

ಡಿಪ್ಲಾಯ್‌ಮೆಂಟ್ ಸಭೆಯಲ್ಲಿ ಯಾರಾದರೂ "ಕೋಡ್ ಮುಟ್ಟಿಲ್ಲ, ಬರೀ ಕಾನ್ಫಿಗರೇಷನ್" ಎಂದರೆ ನಾನೀಗ ಮೊದಲು ಕೇಳುವುದು ಓವರ್‌ರೈಡ್ ಫೈಲನ್ನು, ಅಂದರೆ ಕೋಡ್ ಮುಟ್ಟದೆ ಸೆಟ್ಟಿಂಗ್‌ಗಳನ್ನು ಬದಲಿಸುವ ಪಟ್ಟಿಯನ್ನು. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಘಟಕದಲ್ಲಿ, ಅರೇಬಿಕಾ ಕೊಯ್ಲು ಮುಗಿಯುತ್ತ ರೋಬಸ್ಟಾ ಬರತೊಡಗುವ ಜನವರಿಯಲ್ಲಿ, ಆ ಮಾತನ್ನು ನಂಬಿ ನಾವು ಸಂಜೆಯೆಲ್ಲ ತಪ್ಪು ಜಾಗದಲ್ಲಿ ಹುಡುಕಿದೆವು. ಅದರ ಉರಿ ಇನ್ನೂ ಆರಿಲ್ಲ.

ಅಂಗಳದ ವೇಬ್ರಿಡ್ಜ್‌ನಿಂದ ಬೆಂಗಳೂರಿನ ಕ್ಯೂ ಮ್ಯಾನೇಜರ್‌ಗೆ (ಮೆಸೇಜ್‌ಗಳನ್ನು ಸಾಲಿನಲ್ಲಿ ಹಿಡಿದಿಡುವ ಎಂಕ್ಯೂ ಸಾಫ್ಟ್‌ವೇರ್) ಎರಡು ಬಗೆಯ ಮೆಸೇಜ್‌ಗಳು ಹೋಗುತ್ತವೆ: ಬಂದ ಗಾಡಿಯ ತುಂಬಿದ ತೂಕ, ಮೂಟೆ ಇಳಿಸಿದ ಮೇಲಿನ ಖಾಲಿ ತೂಕ. ಎರಡಕ್ಕೂ ಒಂದೇ ಕ್ಯೂ (ಸಾಲು), ಒಂದೇ ಫ್ಲೋ (ಮೆಸೇಜನ್ನು ಸಂಸ್ಕರಿಸುವ ಪ್ರೋಗ್ರಾಂ). ನಾವಿದ್ದದ್ದು ಐಐಬಿ 10ರಲ್ಲಿ, ಅಂದರೆ ಇಂಥ ಫ್ಲೋಗಳನ್ನು ಓಡಿಸುವ ಐಬಿಎಂ ಇಂಟಿಗ್ರೇಷನ್ ಬಸ್‌ನಲ್ಲಿ. ತುಂಬಿದ ತೂಕದ ಮೆಸೇಜ್ ಬೆಳೆಗಾರರ ಮಾಸ್ಟರ್ ಟೇಬಲ್ ನೋಡಿ, ಎಸ್ಟೇಟಿನ ಖಾತೆ ತಾಳೆ ಹಾಕಿ, ರಸೀದಿಯ ದಾಖಲೆಯೊಂದನ್ನು ಸೃಷ್ಟಿಸುತ್ತದೆ. ಇದು ತುಸು ನಿಧಾನ. ಖಾಲಿ ತೂಕದ ಮೆಸೇಜಿಗೆ ಆ ದಾಖಲೆಯನ್ನು ಹುಡುಕಿ ನಿವ್ವಳ ತೂಕ ತುಂಬುವುದಷ್ಟೇ ಕೆಲಸ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಆಮೇಲೆ ಅಂಗಳದಲ್ಲಿ ಚೀಟಿ ಮುದ್ರಣವಾಗುತ್ತದೆ.

ಸಂಜೆ ಹೊತ್ತು ಕ್ಯೂ ಡೆಪ್ತ್ (ಕಾದಿರುವ ಮೆಸೇಜ್‌ಗಳ ಸಂಖ್ಯೆ) ಏರುತ್ತಿದೆ, ಬೇಗ ಏನಾದರೂ ಮಾಡಿ ಎಂದು ಮೇಲಿನವರು ಒತ್ತಾಯಿಸಿದರು. ಯುಎಟಿಯಲ್ಲಿ (ಬಳಕೆಗೆ ಮುನ್ನ ಪರೀಕ್ಷಿಸುವ ವ್ಯವಸ್ಥೆ) ಲೋಡ್ ಟೆಸ್ಟ್‌ಗೆ ಬಳಸಿದ್ದ ಓವರ್‌ರೈಡ್ ಫೈಲನ್ನು ಪ್ರತಿ ಮಾಡಿ, ಕ್ಯೂ ಹೆಸರು ಮತ್ತು ಡಿಎಸ್‌ಎನ್ (ಡೇಟಾಬೇಸ್ ಸಂಪರ್ಕದ ಹೆಸರು) ಬದಲಿಸಿ, ಫ್ಲೋವನ್ನು ಕಟ್ಟಿಡುವ ಹಳೆಯ ಬಾರ್ ಫೈಲಿಗೇ ಹಚ್ಚಿ ಪ್ರೊಡಕ್ಷನ್‌ಗೆ (ನಿಜ ಬಳಕೆಯ ವ್ಯವಸ್ಥೆ) ಕಳುಹಿಸಲಾಯಿತು. ಪರಿಶೀಲಿಸಿದವರಲ್ಲಿ ನಾನೂ ಇದ್ದೆ. ಎಲ್ಲರ ಕಣ್ಣೂ ಕ್ಯೂ ಹೆಸರುಗಳ ಮೇಲೆ, ಏಕೆಂದರೆ ಅಲ್ಲಿ ಒಂದಕ್ಷರ ತಪ್ಪಿದರೂ ಆ ಹೆಸರಿನ ಕ್ಯೂ ಇಲ್ಲವೆನ್ನುವ 2085 ದೋಷ ಬಂದು ಮಾನ ಹೋಗುತ್ತದೆ. ಅಡಿಷನಲ್ ಇನ್‌ಸ್ಟೆನ್ಸ್ 4 ಎಂಬ ಸಾಲನ್ನು ಎಲ್ಲರೂ ಓದಿದೆವು, ವೇಗಕ್ಕೆ ಒಳ್ಳೆಯದೇ ಎಂದುಕೊಂಡೆವು. ಡೀಫಾಲ್ಟ್ ಮೌಲ್ಯವಾದ 0 ಇದ್ದಷ್ಟು ಕಾಲ ಆ ಫ್ಲೋ ಒಂದೇ ಥ್ರೆಡ್‌ನಲ್ಲಿ (ಕೆಲಸದ ಎಳೆ) ಓಡುತ್ತಿತ್ತು, ಮೆಸೇಜ್‌ಗಳು ಬಂದ ಸಾಲಿನಲ್ಲೇ ಮುಗಿಯುತ್ತಿದ್ದವು. 4 ಎಂದಾಗ ಐದು ಥ್ರೆಡ್‌ಗಳು ಒಂದೇ ಕ್ಯೂಗೆ ಕೈ ಹಾಕುತ್ತವೆ. ಯಾವುದು ಮೊದಲು ಮುಗಿಯುತ್ತದೆ ಎಂಬುದಕ್ಕೆ ಖಾತರಿಯಿಲ್ಲ.

ಆದರೂ ಕೆಲವು ದಿನ ಏನೂ ಆಗಲಿಲ್ಲ. ಲಾರಿಯಿಂದ ಮೂಟೆ ಇಳಿಸಲು ಸಮಯ ಬೇಕಾದ್ದರಿಂದ ಒಂದೇ ಗಾಡಿಯ ಎರಡು ಮೆಸೇಜ್‌ಗಳ ನಡುವೆ ಸಾಕಷ್ಟು ಅಂತರವಿರುತ್ತಿತ್ತು. ಫ್ಲೋದಲ್ಲಿ ಕಳೆದುಕೊಂಡ ಕ್ರಮವನ್ನು ಹಮಾಲರ ದುಡಿಮೆ ಕಾಯುತ್ತಿತ್ತು.

ಒಂದು ಮಧ್ಯಾಹ್ನ ಅಂಗಳದ ಲಿಂಕ್ ಬಿದ್ದುಹೋಯಿತು. ತೂಕ ನಿಲ್ಲಲಿಲ್ಲ, ಮೆಸೇಜ್‌ಗಳು ಅಲ್ಲಿನ ಟ್ರಾನ್ಸ್‌ಮಿಷನ್ ಕ್ಯೂನಲ್ಲಿ ಕೂತವು. ಸಂಜೆ ಲಿಂಕ್ ಬಂತು, ಚಾನಲ್ (ಎರಡು ಕಡೆಯ ನಡುವೆ ಮೆಸೇಜ್ ಸಾಗಿಸುವ ಕೊಂಡಿ) ರನ್ನಿಂಗ್ ಎಂದಿತು, ಎಲ್ಲ ಒಟ್ಟಿಗೆ ಹರಿದುಬಂತು. ನಾವು ನಿಟ್ಟುಸಿರು ಬಿಡುವಷ್ಟರಲ್ಲಿ ವೇಬ್ರಿಡ್ಜ್‌ನಿಂದ ಕರೆ: "ಸರ್, ಕೆಲವು ಗಾಡಿಗಳ ಚೀಟಿ ಮಾತ್ರ ಬರುತ್ತಿದೆ. ಉಳಿದವರು ಇಲ್ಲೇ ನಿಂತಿದ್ದಾರೆ."

ನಿಂತವರಲ್ಲಿ ಹೆಚ್ಚಿನವರು ಪಿಕಪ್‌ಗಳಲ್ಲಿ ಹತ್ತಿಪ್ಪತ್ತು ಮೂಟೆ ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು ಒಣಗಿಸಿದ ಕಾಫಿ) ತಂದ ಸಣ್ಣ ಬೆಳೆಗಾರರು. ಚೀಟಿ ಕೈಗೆ ಸಿಗದೆ ಅಂಗಳ ಬಿಡಲು ಯಾರಿಗೂ ಮನಸ್ಸಿಲ್ಲ; ಅವರ ಪಾಲಿಗೆ ಅದು ವರ್ಷದ ದುಡಿಮೆಯ ಲೆಕ್ಕ. ಮೂಡಿಗೆರೆ ಕಡೆಯ ಎಸ್ಟೇಟಿನ ರೈಟರ್ ಒಬ್ಬರು ಫೋನ್ ತೆಗೆದುಕೊಂಡು, "ಕತ್ತಲಾಯಿತು ಮಾರಾಯರೇ, ಗಾಡಿಯವನು ವೇಟಿಂಗ್ ಕೇಳುತ್ತಿದ್ದಾನೆ. ಕೈಯಲ್ಲಾದರೂ ಬರೆದುಕೊಡಿಸಿ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಅದನ್ನು ಕೇಳಿಸಿಕೊಂಡು ಸುಮ್ಮನೆ ಕೂರುವುದು ಕಷ್ಟವಾಯಿತು.

ಲಿಂಕ್ ಆಗಷ್ಟೇ ಕೆಟ್ಟು ಎದ್ದಿತ್ತು. ಹಾಗಾಗಿ ತಪ್ಪು ಅದರದ್ದೇ ಎಂದು ನಾನು ಗಟ್ಟಿಯಾಗಿ ವಾದಿಸಿದೆ. ಚಾನಲ್ ನಿಲ್ಲಿಸಿ ಹತ್ತಿಸಿದೆವು. ಸೀಕ್ವೆನ್ಸ್ ನಂಬರ್ ರೀಸೆಟ್ ಮಾಡೋಣವೇ ಎಂಬ ಚರ್ಚೆಯೂ ಆಯಿತು. ನೆಟ್‌ವರ್ಕ್‌ನವರನ್ನು ಕರೆಗೆ ಎಳೆದು ಪ್ಯಾಕೆಟ್ ಲಾಸ್ ತೋರಿಸಿ ಎಂದೆವು. ಅವರು ಶುದ್ಧ ಗ್ರಾಫ್ ತೋರಿಸಿದರು. ಫ್ಲೋ ಕಡೆ ನೋಡೋಣ ಎಂದು ಕಿರಿಯ ಸಹೋದ್ಯೋಗಿ ಒಬ್ಬಳು ಹೇಳಿದಾಗ "ಅದರಲ್ಲಿ ಕೋಡ್ ಬದಲಾಗಿಲ್ಲವಲ್ಲ" ಎಂದು ಉತ್ತರಿಸಿದ್ದು ನಾನೇ.

ಆಕೆ ವಾದಕ್ಕೆ ನಿಲ್ಲದೆ ಬ್ಯಾಕ್‌ಔಟ್ ಕ್ಯೂ (ವಿಫಲವಾದ ಮೆಸೇಜ್‌ಗಳು ಸೇರುವ ಸಾಲು) ಬ್ರೌಸ್ ಮಾಡಿ ಸ್ಕ್ರೀನ್ ಹಂಚಿದಳು. ಅಲ್ಲಿದ್ದದ್ದೆಲ್ಲ ಖಾಲಿ ತೂಕದ ಮೆಸೇಜ್‌ಗಳು. ತುಂಬಿದ ತೂಕದ್ದು ಒಂದೂ ಇರಲಿಲ್ಲ. ಲಿಂಕ್ ಕೆಡಿಸಿದ್ದರೆ ಎರಡೂ ಬಗೆಯವು ಕೆಡಬೇಕಿತ್ತು. ಡೇಟಾಬೇಸ್‌ನಲ್ಲಿ ಅವುಗಳ ರಸೀದಿ ದಾಖಲೆಗಳೂ ಸರಿಯಾಗಿಯೇ ಇದ್ದವು, ಆದರೆ ಖಾಲಿ ತೂಕದ ಎಕ್ಸೆಪ್ಷನ್ (ದೋಷ) ಆದ ಮೇಲೆ ಹುಟ್ಟಿದ್ದವು. ತಮ್ಮನು ಅಣ್ಣನಿಗಿಂತ ಮೊದಲು ಮನೆ ಸೇರಿ, ಬಾಗಿಲು ತೆರೆಯುವವರಿಲ್ಲದೆ ಹಿಂದಿರುಗಿದಂತೆ.

ಹಾಗಾದರೆ ಯುಎಟಿಯಲ್ಲಿ ಇದೇ 4 ಇಟ್ಟು ಲೋಡ್ ಕೊಟ್ಟಾಗ ಏಕೆ ಕಾಣಲಿಲ್ಲ? ಅಲ್ಲಿನ ಕ್ಯೂನಲ್ಲಿ ಬಿಒಥ್ರೆಶ್ (ಮೆಸೇಜನ್ನು ಬ್ಯಾಕ್‌ಔಟ್ ಕ್ಯೂಗೆ ತಳ್ಳುವ ಮುನ್ನಿನ ಯತ್ನಗಳ ಮಿತಿ) 3 ಇತ್ತು. ಅವಸರದ ಮೆಸೇಜ್ ರೋಲ್‌ಬ್ಯಾಕ್ ಆಗಿ ಕ್ಯೂಗೆ ಮರಳಿ, ಮತ್ತೆ ಬಂದಾಗ ದಾಖಲೆ ಸಿಕ್ಕಿ ದಾಟಿಬಿಡುತ್ತಿತ್ತು. ಪ್ರೊಡಕ್ಷನ್‌ನಲ್ಲಿ ಅದು 0. ಅಪರಿಮಿತ ಯತ್ನ ಎಂದು ಅದರರ್ಥವಲ್ಲ. ಕ್ಯೂನಿಂದ ಫ್ಲೋಗೆ ಮೆಸೇಜ್ ತರುವ ಎಂಕ್ಯೂ ಇನ್‌ಪುಟ್ ನೋಡ್ 0 ಅನ್ನು 1 ಎಂದೇ ಪರಿಗಣಿಸುತ್ತದೆ. ಒಮ್ಮೆ ಎಡವಿದ ಮೆಸೇಜ್ ನೇರ ಬ್ಯಾಕ್‌ಔಟ್ ಕ್ಯೂಗೆ. ಒಂದು ಮೌಲ್ಯ ಬಾರ್ ಫೈಲಿನಲ್ಲಿ, ನಮ್ಮ ತಂಡದ್ದು. ಇನ್ನೊಂದು ಕ್ಯೂವಿನಲ್ಲಿ, ಎಂಕ್ಯೂ ಅಡ್ಮಿನ್‌ನವರದ್ದು. ಎರಡನ್ನೂ ಒಂದೇ ಹಾಳೆಯಲ್ಲಿಟ್ಟು ನೋಡುವ ಹೊಣೆ ಯಾರದ್ದೂ ಆಗಿರಲಿಲ್ಲ. ನನ್ನ ಮುಖ್ಯ ತಕರಾರು ಇದೇ.

ಇನ್‌ಸ್ಟೆನ್ಸ್ 0 ಮಾಡಿ ಮರಳಿ ಡಿಪ್ಲಾಯ್ ಮಾಡೋಣವೆಂದರೆ ಸಿಆರ್ (ಬದಲಾವಣೆಗೆ ವಿಧಿವತ್ ಕೋರಿಕೆ) ಬೇಕೆಂದರು. 4 ಹೋದಾಗ ಯಾರೂ ಸಿಆರ್ ಕೇಳಿರಲಿಲ್ಲ, "ಬರೀ ಕಾನ್ಫಿಗರೇಷನ್" ಆಗಿತ್ತು. ಎಮರ್ಜೆನ್ಸಿ ಅನುಮತಿಗೆ ಸಹಿ ಬೀಳುವವರೆಗೆ ಅಂಗಳದಲ್ಲಿ ಜನ ಕಾದರು. ಅನುಮತಿ ಬಂದ ಮೇಲೆ ಫ್ಲೋ ನಿಲ್ಲಿಸಿ, ಹೊಸ ಬಾರ್ ಹಾಕಿ, ಬ್ಯಾಕ್‌ಔಟ್ ಕ್ಯೂನಲ್ಲಿದ್ದವನ್ನು ಇನ್‌ಪುಟ್ ಕ್ಯೂಗೆ ಮರಳಿಸಿದೆವು. ಚೀಟಿಗಳು ಒಂದರ ಹಿಂದೊಂದು ಬಂದವು.

ವೇಗದ ಬೇಡಿಕೆ ನ್ಯಾಯವಾದದ್ದೇ ಆಗಿತ್ತು. ಆದ್ದರಿಂದ ಆಮೇಲೆ ಇನ್‌ಪುಟ್ ನೋಡ್‌ನ ಆರ್ಡರ್ ಮೋಡ್ ಅನ್ನು ಯೂಸರ್ ಡಿಫೈನ್ಡ್ ಮಾಡಿ, ಆರ್ಡರ್ ಫೀಲ್ಡ್ ಆಗಿ ತೂಕದ ಚೀಟಿಯ ಸಂಖ್ಯೆಯನ್ನು ಕೊಟ್ಟೆವು. ಒಂದೇ ಸಂಖ್ಯೆಯ ಮೆಸೇಜ್‌ಗಳು ಬಂದ ಕ್ರಮದಲ್ಲೇ ನಡೆಯುತ್ತವೆ, ಬೇರೆ ಗಾಡಿಗಳವು ಸಮಾನಾಂತರವಾಗಿ. ಇದಾದ ಮೇಲೆಯೇ ಇನ್‌ಸ್ಟೆನ್ಸ್ ಏರಿಸಿದೆವು. ಓವರ್‌ರೈಡ್ ಫೈಲ್‌ಗಳು ಈಗ ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್‌ನಲ್ಲಿವೆ. ಹಳೆಯ ಮತ್ತು ಹೊಸ ಬಾರ್‌ಗಳ ಮೇಲೆ ಬಾರ್‌ನ ಒಳಗನ್ನು ತೋರಿಸುವ ಎಂಕ್ಯೂಎಸ್‌ಐ ರೀಡ್‌ಬಾರ್ ಆಜ್ಞೆ ಓಡಿಸಿ, ವ್ಯತ್ಯಾಸವನ್ನು ಲಗತ್ತಿಸದ ಸಿಆರ್‌ಗೆ ನಾನು ಸಹಿ ಮಾಡುವುದಿಲ್ಲ. ಅದೂ ಪೂರ್ಣ ರಕ್ಷಣೆಯಲ್ಲ: ವರ್ಕ್‌ಲೋಡ್ ಮ್ಯಾನೇಜ್‌ಮೆಂಟ್ ಪಾಲಿಸಿಯಿಂದ ಇನ್‌ಸ್ಟೆನ್ಸ್ ಸಂಖ್ಯೆಯನ್ನು ಬಾರ್ ಮುಟ್ಟದೆಯೂ ಬದಲಿಸಬಹುದು. ಹಾಗಾಗಿ ಪಾಲಿಸಿಗಳೂ ಅದೇ ಗಿಟ್‌ಗೆ ಬಂದಿವೆ. ಬಿಒಥ್ರೆಶ್ ಮಾತ್ರ ಇನ್ನೂ ಅಡ್ಮಿನ್‌ನವರ ಸ್ಕ್ರಿಪ್ಟ್‌ನಲ್ಲೇ ಇದೆ. ಮುಂದಿನ ಕೊಯ್ಲಿಗೆ ಮುನ್ನ ಅದನ್ನೂ ತರಿಸಲು ಪತ್ರದ ಮೇಲೆ ಪತ್ರ ಬರೆಯುತ್ತಿದ್ದೇನೆ.