ಸೈಗಾನಿನ ಮೇಲಿನ ಮಹಡಿ

ವಿಯೆಟ್ನಾಂನ ಹೋ ಚಿ ಮಿನ್ ನಗರದ (ಹಳೆಯ ಹೆಸರು ಸೈಗಾನ್) ಯುದ್ಧ ಅವಶೇಷಗಳ ಮ್ಯೂಸಿಯಂಗೆ ನಮ್ಮ ಟೂರ್‌ನವರು ಕೊಟ್ಟಿದ್ದು ಒಂದೇ ಗಂಟೆ. ಅದರಲ್ಲಿ ಅರ್ಧ ಅಂಗಳದಲ್ಲೇ ಮುಗಿಯಿತು: ಅಮೆರಿಕದ ಹ್ಯೂಯಿ ಹೆಲಿಕಾಪ್ಟರ್, ಟ್ಯಾಂಕು, ಅವುಗಳ ಮುಂದೆ ಸೆಲ್ಫಿಯ ನೂಕುನುಗ್ಗಲು. ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಹೋಗುವವರು ಪ್ಯಾಕೇಜ್ ನಂಬಬೇಡಿ. ಬೆಳಿಗ್ಗೆಯೇ ನೀವೇ ಟಿಕೆಟ್ ಕೊಂಡು ನೇರ ಮೇಲಿನ ಮಹಡಿಗೆ, ‘ರೆಕ್ವಿಯಂ’ ಪ್ರದರ್ಶನಕ್ಕೆ ಹೋಗಿ.

ಇಂಡೋಚೀನಾದ, ಅಂದರೆ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಗಳ ಯುದ್ಧಗಳಲ್ಲಿ ಸತ್ತ, ಕಾಣೆಯಾದ 130ಕ್ಕೂ ಹೆಚ್ಚು ಫೋಟೋಗ್ರಾಫರುಗಳ ಕೆಲಸ ಅಲ್ಲಿದೆ. ಇದನ್ನು ಕೂಡಿಸಿದವರು ಟಿಮ್ ಪೇಜ್ ಮತ್ತು ಹೋರ್ಸ್ಟ್ ಫಾಸ್. ಇಬ್ಬರೂ ವಿಯೆಟ್ನಾಂ ಯುದ್ಧದ ಚಿತ್ರ ತೆಗೆಯುತ್ತಾ ಗಾಯಗೊಂಡು ಬದುಕಿದವರು. 1954ರಲ್ಲಿ ನೆಲಬಾಂಬ್ ತುಳಿದು ಸತ್ತ ರಾಬರ್ಟ್ ಕಾಪಾ ಇದ್ದಾರೆ. 1971ರ ಫೆಬ್ರವರಿಯಲ್ಲಿ ಲಾವೋಸಿನ ಮೇಲೆ ಉರುಳಿಬಿದ್ದ ಒಂದೇ ಹೆಲಿಕಾಪ್ಟರಿನಲ್ಲಿ ಸತ್ತ ನಾಲ್ವರಿದ್ದಾರೆ: ಲ್ಯಾರಿ ಬರೋಸ್, ಆನ್ರಿ ಉಯೆ, ಕೆಂಟ್ ಪಾಟರ್, ಕೈಸಾಬುರೊ ಶಿಮಾಮೊಟೊ. 1965ರಲ್ಲಿ ಸತ್ತ ಎಪಿ ಸುದ್ದಿಸಂಸ್ಥೆಯ ಹುಯಿನ್ ಥಾನ್ ಮಿ ಇದ್ದಾರೆ. ಅಣ್ಣ ಸತ್ತ ಮೇಲೆ ತಮ್ಮ ನಿಕ್ ಉಟ್ ಅದೇ ಸಂಸ್ಥೆಗೆ ಕೆಲಸ ಕೇಳಿಕೊಂಡು ಹೋದ ಎಂಬುದನ್ನು ಅರಗಿಸಿಕೊಳ್ಳಲು ನನಗೆ ಹೊತ್ತು ಹಿಡಿಯಿತು.

ಜೊತೆಗಿದ್ದ ಚಿಕ್ಕಪ್ಪ ಜಿಲ್ಲಾ ಪತ್ರಿಕೆಯೊಂದರ ಫೋಟೋಗ್ರಾಫರ್ ಆಗಿದ್ದವರು. ಕ್ಯೋಯಿಚಿ ಸವಾಡಾ ತೆಗೆದ ಚಿತ್ರದ ಮುಂದೆ ನಿಂತುಬಿಟ್ಟರು. ಬಾಂಬಿಗೆ ಹೆದರಿ, ಮಕ್ಕಳನ್ನು ಎತ್ತಿಕೊಂಡು ಎದೆಮಟ್ಟದ ನೀರಿನಲ್ಲಿ ಹೊಳೆ ದಾಟುತ್ತಿರುವ ತಾಯಂದಿರ ಆ ಚಿತ್ರಕ್ಕೆ 1966ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. 1970ರಲ್ಲಿ ಕಾಂಬೋಡಿಯದಲ್ಲಿ ಸವಾಡಾರನ್ನು ಕೊಂದರು.

“ಕಣ್ಣು ನೋಡೋ,” ಅಂದರು ಚಿಕ್ಕಪ್ಪ. “ಅವರೆಲ್ಲ ದಡ ನೋಡ್ತಿದಾರೆ. ದಡದಲ್ಲಿ ಇವನಿದಾನೆ.”

“ಕ್ಯಾಮೆರಾ ಬಿಟ್ಟು ಕೈ ಕೊಡಬೇಕಿತ್ತಲ್ವಾ ಚಿಕ್ಕಪ್ಪ?”

“ಫೋಟೋ ತೆಗೆದ ಮೇಲೆ ಏನು ಮಾಡ್ದ ಅಂತ ಈ ಫ್ರೇಮ್ ಹೇಳಲ್ಲ. ತೆಗೀದೇ ಇದ್ದಿದ್ರೆ ನೀನು ಇಲ್ಲಿ ನಿಂತು ಈ ಪ್ರಶ್ನೆ ಕೇಳ್ತಾನೇ ಇರ್ಲಿಲ್ಲ.”

ಉತ್ತರ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ, ಆದರೆ ಎದುರಾಡಲು ಮಾತೂ ಸಿಗಲಿಲ್ಲ.

ಈ ಗೋಡೆಗಳ ಮೇಲಿರುವವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಅಮೆರಿಕದ ವಿರುದ್ಧ ಕಾದಾಡಿದ ಉತ್ತರ ವಿಯೆಟ್ನಾಂ ಮತ್ತು ದಕ್ಷಿಣದ ಕಮ್ಯುನಿಸ್ಟ್ ಗೆರಿಲ್ಲಾಗಳಾದ ವಿಯೆಟ್‌ಕಾಂಗ್ ಕಡೆಯವರು. ಹೊರಗಿನವರಿಗೆ ಅವರ ಹೆಸರೇ ಗೊತ್ತಿಲ್ಲ. ಅವರು ಇದ್ದಬದ್ದ ಫಿಲ್ಮಿನಲ್ಲೇ ಲೆಕ್ಕ ಹಾಕಿ ಚಿತ್ರ ತೆಗೆದು, ರಾತ್ರಿ ಕಾಡಿನಲ್ಲೇ ಫಿಲ್ಮ್ ತೊಳೆಯುತ್ತಿದ್ದರು. ಡಾರ್ಕ್‌ರೂಮಿನಲ್ಲೇ ಆಯುಷ್ಯ ಕಳೆದ ಚಿಕ್ಕಪ್ಪನಿಗೆ ಬೇಕಾಗಿದ್ದುದು ಇವರೇ. ಅಲ್ಲಿಗೆ ತಲುಪುವಷ್ಟರಲ್ಲಿ ಗೈಡ್ ಬಸ್ಸಿಗೆ ಕರೆದ.

ಮರುದಿನ ಆ ಗೆರಿಲ್ಲಾಗಳು ಅಡಗುತ್ತಿದ್ದ ಕು ಚಿ ಸುರಂಗಕ್ಕೆ ದುಡ್ಡು ಕಟ್ಟಿಯಾಗಿತ್ತು. ಅದನ್ನು ಬಿಟ್ಟು, ಬಾಗಿಲು ತೆರೆಯುವ ಹೊತ್ತಿಗೇ ಮ್ಯೂಸಿಯಂ ಮುಂದೆ ನಿಂತಿದ್ದೆವು.